ಸೆನ್ಸರ್ ಕಿತ್ತ ಒಲೆ

ಜೂನ್ 3

ನಮ್ಮ ಮನೆಯ ಮೆಣಸಿನಕಾಯಿಗೆ,

ನೀನು ಕಳಿಸಿದ ಮೂರು ಕರಪತ್ರಗಳೂ ಬಂದವು. ಒಂದನ್ನು ಪೂರ್ತಿ ಓದಿದೆ. ಎರಡನೆಯದರ ಮೇಲೆ ಅತ್ತೆ ಬದನೆಕಾಯಿ ಹೆಚ್ಚಿಟ್ಟರು. ಮೂರನೆಯದನ್ನು ನಿನ್ನ ಭಾವ ಓದಿ, "ನಿನ್ ತಂಗಿಗೆ ಯಾರ ಮೇಲೆ ಇಷ್ಟೊಂದು ಸಿಟ್ಟು? ನನ್ ಮೇಲಲ್ಲ ತಾನೇ?" ಅಂತ ಕೇಳಿದರು. ಅಲ್ಲ ಅಂದಿದ್ದೇನೆ. ಆಮೇಲೆ ನೀನು ನನ್ನ ಮಾತು ಸುಳ್ಳು ಮಾಡಬೇಡ.

ಕೆಲಸದ ಮಾತಿಗೆ ಬರುತ್ತೇನೆ. ನಮ್ಮ ಮನೆಗೂ ಗ್ಯಾಸ್ ಬರುತ್ತಿದೆ. ಸಿಲಿಂಡರ್ ಈ ತಿಂಗಳ ಕೊನೆಗೆ ಕೊಡುತ್ತಾರಂತೆ, ಒಲೆ ನಾವೇ ತಂದುಕೊಳ್ಳಬೇಕು. ನಿನ್ನ ಭಾವ ಕಟಾವು ಮಷಿನ್ ಓಡಿಸುತ್ತಾ ತಿಂಗಳುಗಟ್ಟಲೆ ಹೊರಗೇ ಇರುವವರು, ಅವರಿಗೆ ಒಲೆಯ ಬಗ್ಗೆ ಏನು ಗೊತ್ತು? ನೀನಾದರೆ ದಿನವಿಡೀ ಅಂಗಡಿಯಲ್ಲಿ ಒಲೆಗಳ ಹೊಟ್ಟೆ ಬಗೆದು ಕೂರುವವಳು. ಯಾವುದು ತರಲಿ ಹೇಳು. ಇಲ್ಲಿ ಕೆಟ್ಟರೆ ರಿಪೇರಿ ಮಾಡುವವರಿಲ್ಲ, ಆದ್ದರಿಂದ ಸಾದಾ ಆಗಿರಬೇಕು, ಗಟ್ಟಿ ಇರಬೇಕು.

ಇನ್ನೊಂದು ಮಾತು. ಉರಿ ಆರಿಹೋದರೆ ತಾನಾಗಿ ಗ್ಯಾಸ್ ನಿಂತುಬಿಡುವ ಒಲೆ ಬಂದಿದೆಯಂತೆ, ಹೌದಾ? ಅತ್ತೆಗೆ ಮರೆವು ಜಾಸ್ತಿ ಆಗಿದೆ, ಅದಕ್ಕೆ ಕೇಳಿದೆ. ಮಗಳಿಗೆ ನಾಲ್ಕು ತುಂಬಿತು. ಅಡುಗೆಮನೆಯ ನೆಲವೇ ಅವಳ ಅರಮನೆ.

ನಿನ್ನ ಅಕ್ಕ

&nbsp;

ಜೂನ್ 9

ಪ್ರೀತಿಯ ಅಕ್ಕ,

ನಿನ್ನ ಪತ್ರವನ್ನು ಅಂಗಡಿಯ ಬೆಂಚಿನ ಮೇಲೆ, ಎದುರಿಗೆ ನಾಲ್ಕು ಸತ್ತ ಒಲೆಗಳನ್ನು ಇಟ್ಟುಕೊಂಡು ಓದಿದೆ. ನಾಲ್ಕೂ ಹೊಸವು. ನಾಲ್ಕಕ್ಕೂ ಗಾಜಿನ ಮೈ, ಒತ್ತಿದರೆ ಹತ್ತುವ ಗುಂಡಿ. ನಾಲ್ಕೂ ಒಂದೇ ವರ್ಷಕ್ಕೆ ನೆಗೆದುಬಿದ್ದಿವೆ. ನಮ್ಮ ಪಕ್ಕದ ಪ್ರೆಸ್ಸಿನಲ್ಲಿ ಅಚ್ಚಾದ ಒಂದು ಕಿರುಹೊತ್ತಿಗೆಯಲ್ಲಿ ಬರೆದಿದೆ: ಬಳಸುವವನು ಬಿಚ್ಚಲಾಗದ ವಸ್ತು ಬಳಸುವವನದಲ್ಲ, ಮಾರಿದವನದು. ನಾನು ಇದನ್ನು ಕೈಯಲ್ಲಿ ಸ್ಪ್ಯಾನರ್ ಹಿಡಿದು ದಿನವೂ ನೋಡುತ್ತಿದ್ದೇನೆ.

ನಿನಗೆ ಬೇಕಾದದ್ದು ಇಷ್ಟು. ಎರಡು ಬರ್ನರ್ ಸಾಕು. ಬರ್ನರ್ ಹಿತ್ತಾಳೆಯದೇ ಆಗಿರಲಿ. ಮೈ ದಪ್ಪ ಉಕ್ಕಿನದು, ಗಾಜು ಬೇಡವೇ ಬೇಡ. ಪಾತ್ರೆ ಕೂರುವ ಕಬ್ಬಿಣ ಭಾರವಾಗಿರಲಿ, ಎತ್ತಿ ತೊಳೆಯುವಂತಿರಲಿ. ಹಚ್ಚುವುದಕ್ಕೆ ಬೆಂಕಿಕಡ್ಡಿ. ಕಡ್ಡಿ ಕೆಟ್ಟಿತು ಅಂತ ಯಾರೂ ಕಂಪನಿಗೆ ಪತ್ರ ಬರೆದದ್ದಿಲ್ಲ.

ನೀನು ಕೇಳಿದ ಆ ತಾನಾಗಿ ನಿಲ್ಲುವ ವಸ್ತುವಿಗೆ ನಾವು ಸೆನ್ಸರ್ ಅನ್ನುತ್ತೇವೆ. ಬರ್ನರ್ ಪಕ್ಕದಲ್ಲಿ ಒಂದು ಸಣ್ಣ ಕಡ್ಡಿ ಇರುತ್ತದೆ. ಅದು ಬಿಸಿ ಇರುವವರೆಗೆ ಗ್ಯಾಸ್ ಬರುತ್ತದೆ, ತಣ್ಣಗಾದರೆ ನಿಲ್ಲುತ್ತದೆ. ಕೇಳುವುದಕ್ಕೆ ಚೆಂದ. ಆದರೆ ಕಡ್ಡಿಯ ಮೇಲೆ ನಾಲ್ಕು ಸಲ ಹಾಲು ಉಕ್ಕಿದರೆ ಅದರ ಕಥೆ ಮುಗಿಯಿತು. ಆಮೇಲೆ ಒಲೆ ಹತ್ತುವುದೇ ಇಲ್ಲ. ಬಿಡಿಭಾಗ ಆ ಕಂಪನಿಯದೇ ಬೇಕು. ಅಕ್ಕ, ಅವರು ಮೊದಲು ಭಯ ಮಾರುತ್ತಾರೆ, ಆಮೇಲೆ ಭಯಕ್ಕೆ ಔಷಧಿ ಮಾರುತ್ತಾರೆ.

ಗ್ಯಾಸಿಗೆ ತನ್ನದೇ ಆದ ವಾಸನೆ ಇಲ್ಲ ಅನ್ನುವುದು ನಿನಗೆ ಗೊತ್ತಾ? ಸೋರಿದರೆ ತಿಳಿಯಲಿ ಅಂತ ಬೇಕೆಂದೇ ಆ ಕೆಟ್ಟ ವಾಸನೆ ಬೆರೆಸುತ್ತಾರೆ. ಬಡವರ ಮನೆಗೂ ಸಾಹುಕಾರರ ಮನೆಗೂ ಒಂದೇ ವಾಸನೆ. ಇದಕ್ಕಿಂತ ಸಮಾನವಾದದ್ದು ಈ ಲೋಕದಲ್ಲಿ ನಾನು ಕಂಡಿಲ್ಲ. ಅದಕ್ಕೆ ಬೇಕಾದ ಯಂತ್ರ ನಿನ್ನ ಮುಖದ ಮಧ್ಯದಲ್ಲೇ ಇದೆ. ಶಾಲೆಯಿಂದ ಬರುವಾಗ ಬೀದಿ ತಿರುವಿನಲ್ಲೇ "ಇವತ್ತು ಅಮ್ಮ ಒಗ್ಗರಣೆ ಸೀಸಿದಾಳೆ ಕಣೇ" ಅನ್ನುತ್ತಿದ್ದವಳು ನೀನು. ಆ ಮೂಗಿರುವವಳಿಗೆ ಸೆನ್ಸರ್ ಬೇಕಾ?

ನಿನ್ನ ತಂಗಿ

&nbsp;

ಜೂನ್ 16

ಮೆಣಸಿನಕಾಯಿ,

ನಿನ್ನ ಪತ್ರ ಓದಿ ನಕ್ಕೆ. ಒಲೆಯ ಬಗ್ಗೆ ಕೇಳಿದರೆ ಭಾಷಣ ಬಂತು. ಆದರೂ ಉಕ್ಕಿನ ಮೈ, ಹಿತ್ತಾಳೆ ಬರ್ನರ್, ಎಲ್ಲ ಅರ್ಥವಾಯಿತು.

ಮೊನ್ನೆ ಒಂದು ತಮಾಷೆ ಆಯಿತು. ಅಟ್ಟದ ಮೇಲೆ ಇಲಿ ಸತ್ತು ಬಿದ್ದಿತ್ತು. ನಾನು ಅದರ ಕೆಳಗೇ ಕೂತು ಅಕ್ಕಿ ಆರಿಸುತ್ತಿದ್ದೆ. ಅತ್ತೆ ಒಳಗೆ ಬಂದವರೇ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಏನೇ ಇದು! ಇಲ್ಲಿ ಹೇಗೆ ಕೂತಿದೀಯೇ? ನಿಂಗೆ ಮೂಗು ಅನ್ನೋದು ಇದೆಯೋ, ಬರೀ ಮೂಗುಬೊಟ್ಟು ಹಾಕ್ಕೊಳೋಕೆ ಇಟ್ಕೊಂಡಿದೀಯೋ?" ಅಂದರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಾನು ಸ್ವಲ್ಪ ಹೆಚ್ಚೇ ನಕ್ಕೆ.

ಆ ಸೆನ್ಸರ್ ವಿಷಯ. ನಾಲ್ಕು ಸಲ ಹಾಲು ಉಕ್ಕಿದರೆ ಕೆಡುತ್ತದೆ ಅಂದೆಯಲ್ಲ, ಉಕ್ಕದ ಹಾಗೆ ನೋಡಿಕೊಂಡರೆ? ಪಕ್ಕದ ಮನೆಯವಳು ಕೇಳುತ್ತಿದ್ದಳು, ಅವಳೂ ಒಲೆ ತೆಗೆದುಕೊಳ್ಳುತ್ತಾಳಂತೆ. ನನಗೇನೂ ಅಲ್ಲ.

ನಿನ್ನ ಅಕ್ಕ

&nbsp;

ಜೂನ್ 23

ಅಕ್ಕ,

ಒಲೆ ಹೊರಟಿತು! ಲಾರಿಗೆ ಹಾಕಿಸಿ ಈಗಷ್ಟೇ ಬಂದೆ. ಕೈಯಿಂದ ಗ್ರೀಸ್ ಇನ್ನೂ ಹೋಗಿಲ್ಲ, ಕಾಗದದ ಮೇಲಿನ ಕಲೆ ಅದೇ.

ಒಂದು ಹೋಟೆಲಿನವರು ಬಿಟ್ಟುಹೋದ ಒಲೆ ನಮ್ಮಲ್ಲಿತ್ತು. ದಪ್ಪ ಉಕ್ಕು, ಒದ್ದರೂ ಅಲ್ಲಾಡುವುದಿಲ್ಲ. ಮೂರು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕೂತು ಪೂರ್ತಿ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದೆ. ಬರ್ನರ್ ಹೊಸದು ಹಾಕಿದೆ. ಅದಕ್ಕೆ ಬರ್ನರಿಗೊಂದರಂತೆ ಸೆನ್ಸರ್ ಇತ್ತು. ಎರಡನ್ನೂ ಕಿತ್ತು, ಹಳೇ ಕಾಲದ ಸಾದಾ ವಾಲ್ವ್ ಕೂರಿಸಿದ್ದೇನೆ. ಮಾಲೀಕರು ನೋಡಿ, "ಏನಮ್ಮಾ, ಇದ್ದದ್ದನ್ನ ಯಾಕೆ ತೆಗೀತೀಯ?" ಅಂದರು. "ನಮ್ಮಕ್ಕ ಯಾರಿಗೂ ಅಡಿಯಾಳಾಗೋದು ಬೇಡ ಅಂತ" ಅಂದೆ. ಅವರು ತಲೆ ಅಲ್ಲಾಡಿಸಿ ಹೋದರು. ಅವರ ತಲೆ ಇರುವುದೇ ಅಲ್ಲಾಡಿಸುವುದಕ್ಕೆ.

ಪೈಪು ಜೋಡಿಸಿದ ಮೇಲೆ ಜೋಡಣೆಯ ಜಾಗಕ್ಕೆ ಸೋಪಿನ ನೀರು ಹಚ್ಚಿ ನೋಡು. ಗುಳ್ಳೆ ಎದ್ದರೆ ಸೋರುತ್ತಿದೆ ಅಂತ. ಒಲೆ ಸಿಲಿಂಡರಿಗಿಂತ ಎತ್ತರದಲ್ಲಿರಲಿ. ಮಿಕ್ಕದ್ದಕ್ಕೆ ನಿನ್ನ ಮೂಗು.

ಪಕ್ಕದ ಮನೆಯವಳಿಗೂ ಹೇಳು, ಹೆದರಬೇಡ ಅಂತ. ನಾವು ಹೆದರುವುದೇ ಅವರ ಬಂಡವಾಳ.

ನಿನ್ನ ತಂಗಿ

&nbsp;

ಜುಲೈ 5

ನನ್ನ ಮೆಣಸಿನಕಾಯಿಗೆ,

ಒಲೆ ಬಂತು, ಸಿಲಿಂಡರೂ ಬಂತು. ಸೋಪಿನ ನೀರು ಹಚ್ಚಿದೆ, ಒಂದು ಗುಳ್ಳೆಯೂ ಏಳಲಿಲ್ಲ. ನಿನ್ನ ಕೈಗೆ ಚಿನ್ನದ ಬಳೆ ಹಾಕಬೇಕು, ಆದರೆ ನೀನು ಅದನ್ನೂ ಬಿಚ್ಚಿ ಜೋಡಿಸುತ್ತೀಯ.

ಅತ್ತೆ ಮೊದಲ ದಿನ ಬಾಗಿಲಾಚೆ ನಿಂತು ನೋಡಿದರು. ಎರಡನೇ ದಿನ ಒಳಗೆ ಬಂದರು. ಈಗ "ನಾನೇ ಹಚ್ತೀನಿ ಕೊಡೇ ಕಡ್ಡಿ" ಅನ್ನುತ್ತಾರೆ. ಹೊಗೆ ಇಲ್ಲ, ಮಸಿ ಇಲ್ಲ, ಗೋಡೆಗೆ ಸುಣ್ಣ ಹೊಡೆಸಿದ್ದೇನೆ.

ಒಂದೇ ಒಂದು ತೊಂದರೆ. ನಮ್ಮ ಅಡುಗೆಮನೆಯ ಕಿಟಕಿ ಹೊಲದ ಕಡೆಗಿದೆ. ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ, ಸಣ್ಣ ಉರಿಯಲ್ಲಿಟ್ಟರೆ ಆರಿಹೋಗುತ್ತದೆ. ಈವರೆಗೆ ಮೂರು ಸಲ ಆಯಿತು. ಮೂರು ಸಲವೂ ಅತ್ತೆಯೇ ಮೊದಲು ಹೇಳಿದ್ದು. ಅದಕ್ಕೇ ನಾನು ಒಲೆ ಹಚ್ಚುವ ಮುಂಚೆ ಅವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ಸೊಪ್ಪು ಬಿಡಿಸಿಕೊಡಿ, ಬೆಳ್ಳುಳ್ಳಿ ಸುಲಿದುಕೊಡಿ, ಏನಾದರೂ ಒಂದು ನೆವ. ಪಾತ್ರೆ ನೋಡುವುದಕ್ಕಿಂತ ಹೆಚ್ಚಾಗಿ ಅತ್ತೆಯ ಮುಖ ನೋಡುತ್ತಾ ಅಡುಗೆ ಮಾಡುತ್ತೇನೆ. ಅವರ ಮೂಗು ಸ್ವಲ್ಪ ಸೊಟ್ಟಗಾದರೂ ಸಾಕು, ನನ್ನ ಕೈ ಒಲೆಯ ತಿರುಪಿನ ಮೇಲೆ. ಪಾಪ, "ಈಚೆಗೆ ನಿಂಗೆ ನನ್ ಮೇಲೆ ಬಹಳ ಪ್ರೀತಿ ಬಂದಿದೆ ಕಣೇ" ಅನ್ನುತ್ತಾರೆ.

ನಿನ್ನ ಅಕ್ಕ

&nbsp;

ಜುಲೈ 14

ಅಕ್ಕ,

ನಿನ್ನ ಪತ್ರ ಓದಿ ಮೈ ಉರಿಯಿತು. ನನ್ನ ಅಕ್ಕ, ಶಾಲೆಯಲ್ಲಿ ಹೆಡ್‌ಮಾಸ್ಟರಿಗೇ ಎದುರು ಮಾತಾಡಿದವಳು, ಈಗ ಅತ್ತೆಯ ಮುಖ ನೋಡುತ್ತಾ ಅಡುಗೆ ಮಾಡುತ್ತಾಳೆ! ಅವರ ಮೂಗು ಸೊಟ್ಟಗಾದರೆ ಇವಳು ಹೆದರಿ ಒಲೆ ಆರಿಸುತ್ತಾಳೆ! ಇದಕ್ಕಾಗಿಯಾ ನಾನು ಆ ಒಲೆ ಕಟ್ಟಿಕೊಟ್ಟದ್ದು? ಹೊಗೆಯಿಂದ ಬಿಡಿಸಿಕೊಂಡವಳು ಮನುಷ್ಯರಿಂದಲೂ ಬಿಡಿಸಿಕೊಳ್ಳಬೇಕು. ಅತ್ತೆಯನ್ನು ಗೌರವದಿಂದಲೇ ಹೊರಗೆ ಕಳಿಸು. ಒಬ್ಬಳೇ ನಿಂತು ಅಡುಗೆ ಮಾಡು. ಯಾರ ಮುಖವನ್ನೂ ನೋಡಬೇಡ.

ಗಾಳಿಗೆ ಉರಿ ಆರಿದರೆ ಕಿಟಕಿ ಮುಚ್ಚು, ಅಷ್ಟೇ. ಅದಕ್ಕೂ ಕಂಪನಿಯನ್ನು ಕೇಳಬೇಕಾ?

ನಾನು ಕೆಲವು ದಿನ ಪ್ರೆಸ್ಸಿನವರ ಜೊತೆ ಕರಪತ್ರ ಹಂಚಲು ಊರೂರು ತಿರುಗುತ್ತೇನೆ. ನೀನು ಎಂದಿನಂತೆ ಅಂಗಡಿಯ ವಿಳಾಸಕ್ಕೇ ಬರೆ. ಬೇರೇನೂ ವಿಶೇಷವಿಲ್ಲ.

ನಿನ್ನ ತಂಗಿ

&nbsp;

ಜುಲೈ 22

ನನ್ನ ಪುಟ್ಟ ತಂಗಿಗೆ,

ಇದನ್ನು ಓದಿ ಹರಿದುಹಾಕು. ಯಾರಿಗೂ ಹೇಳಬೇಡ.

ನನಗೆ ವಾಸನೆ ತಿಳಿಯುವುದಿಲ್ಲ. ಮೂರು ವರ್ಷದ ಹಿಂದೆ ಆ ಜ್ವರ ಬಂದಿತ್ತಲ್ಲ, ಅದು ಇಳಿದ ಮೇಲೆ ಒಂದು ಬೆಳಿಗ್ಗೆ ಸೋಪು ಹಿಡಿದರೆ ಸೋಪಿಗೆ ವಾಸನೆ ಇಲ್ಲ. ಇವತ್ತು ಬರುತ್ತದೆ, ನಾಳೆ ಬರುತ್ತದೆ ಅಂತ ಕಾದೆ. ಬರಲಿಲ್ಲ. ಮಲ್ಲಿಗೆಯೂ ಒಂದೇ, ಸತ್ತ ಇಲಿಯೂ ಒಂದೇ.

ಯಾಕೆ ಹೇಳಲಿಲ್ಲ ಅಂತ ಬೈಯಬೇಡ. ಮಗಳು ಒಂದು ವರ್ಷದವಳಿದ್ದಾಗ ಎರಡು ದಿನ ಆಸ್ಪತ್ರೆಯಲ್ಲಿದ್ದಳಲ್ಲ? ಹಾಲು ಹಳಸಿತ್ತು. ನಾನೇ ಕುಡಿಸಿದ್ದು. ನನಗೆ ಗೊತ್ತಾಗಲಿಲ್ಲ. ಎಲ್ಲರೂ ಹಾಲಿನವನನ್ನು ಬೈದರು. ನಾನೂ ಬೈದೆ. ಅವನು ಅತ್ತುಕೊಂಡು ಹೋದ. ಆಮೇಲೆ ಯಾವ ಬಾಯಿಂದ ಹೇಳಲಿ? ಹೇಳಿದರೆ ಅತ್ತೆ ಇನ್ನು ಮಗುವನ್ನು ನನ್ನ ಕೈಗೆ ಕೊಡುವುದಿಲ್ಲ. ಅಡುಗೆಮನೆ ಹೋಗುತ್ತದೆ, ಮಗಳೂ ಹೋಗುತ್ತಾಳೆ, ನಾನು ಈ ಮನೆಯಲ್ಲಿ ಮೂಲೆಯಲ್ಲಿಟ್ಟ ಮಣೆ ಆಗುತ್ತೇನೆ.

ಸೌದೆ ಒಲೆಯಲ್ಲಿ ಹೊಗೆ ಇತ್ತು. ಅದನ್ನು ಕಣ್ಣಿನಿಂದ ನೋಡಬಹುದಿತ್ತು. ಇದನ್ನು ಏನಿಂದ ನೋಡಲಿ?

ಅದಕ್ಕೇ ಅತ್ತೆಯ ಮುಖ ನೋಡುತ್ತಿದ್ದೆ. ಅವರು ನನ್ನನ್ನು ಹೆದರಿಸುತ್ತಿರಲಿಲ್ಲ ಕಣೇ. ಆಗಸ್ಟ್ ಎರಡಕ್ಕೆ ಅವರು ತಮ್ಮ ಮಗಳ ಹೆರಿಗೆಗೆ ಹೋಗುತ್ತಾರೆ, ಬರುವುದು ಎರಡು ತಿಂಗಳಾಗಬಹುದು. ನಿನ್ನ ಭಾವನೂ ಊರಲ್ಲಿಲ್ಲ. ನಾನು, ಮಗಳು, ಆ ಒಲೆ, ಇಷ್ಟೇ.

ನೀನು ಕಿತ್ತ ಆ ಸೆನ್ಸರನ್ನು ಮತ್ತೆ ಕೂರಿಸಲು ಆಗುತ್ತದಾ? ನೀನು ಬಂದರೆ ಒಳ್ಳೆಯದು. ಬರಲಾಗದಿದ್ದರೆ ನಾನು ಏನು ಮಾಡಲಿ, ಅದನ್ನಾದರೂ ಬರೆ. ಬೇಗ ಬರೆ.

ಅಕ್ಕ

&nbsp;

ಜುಲೈ 30

ತಂಗಿಗೆ,

ನಿನ್ನ ಉತ್ತರ ಬಂದಿಲ್ಲ. ನಾಲ್ಕು ದಿನಕ್ಕೆ ಮುಟ್ಟುವ ಪತ್ರ. ನಿನಗೆ ಮುಟ್ಟಿರುತ್ತದೆ.

ಸಿಟ್ಟಾಗಿದ್ದೀಯ, ಗೊತ್ತು. ಹಾಲಿನವನ ಮೇಲೆ ತಪ್ಪು ಹೊರಿಸಿದ್ದನ್ನು ನೀನು ಕ್ಷಮಿಸುವವಳಲ್ಲ. ನೀನು ಯಾವತ್ತೂ ಹಾಗೆ ಮಾಡುತ್ತಿರಲಿಲ್ಲ. ಇರಲಿ, ನಿನ್ನ ಹಿಂದಿನ ಪತ್ರವನ್ನೇ ಉತ್ತರ ಅಂದುಕೊಂಡು ಮತ್ತೆ ಓದಿದೆ. ಒಬ್ಬಳೇ ನಿಂತು ಮಾಡು ಅಂದಿದ್ದೀಯ. ಮಾಡುತ್ತೇನೆ.

ಅತ್ತೆ ಪೆಟ್ಟಿಗೆ ಕಟ್ಟುತ್ತಿದ್ದಾರೆ. "ನೀನೂ ಬಾರೇ, ಮಗೂನೂ ಕರ್ಕೊಂಡು, ಇಬ್ರೇ ಏನ್ ಮಾಡ್ತೀರ?" ಅಂತ ಎರಡು ಸಲ ಕರೆದರು. ಹೋಗಬಹುದಿತ್ತು. ಮನೆ, ಕೋಳಿ, ಹಸು ಅಂತ ಹೇಳಿ ತಪ್ಪಿಸಿಕೊಂಡೆ. ಯಾರ ಮೂಗೂ ಇಲ್ಲದೆ ನನ್ನ ಮಗಳಿಗೆ ಒಂದು ಹೊತ್ತು ಅನ್ನ ಮಾಡಿ ಹಾಕಲಾಗದಿದ್ದರೆ ನಾನು ಇರುವುದಾದರೂ ಯಾಕೆ?

ಅಕ್ಕ

&nbsp;

ಆಗಸ್ಟ್ 6

ಅಕ್ಕ, ಒಲೆ ಹಚ್ಚಬೇಡ.

ಮಿಕ್ಕದ್ದನ್ನು ಆಮೇಲೆ ಓದು. ಮೊದಲು ಎದ್ದು ಮಗಳನ್ನು ಅಂಗಳಕ್ಕೆ ಕಳಿಸು. ಸಿಲಿಂಡರಿನ ತಲೆಯ ಮೇಲಿರುವ ರೆಗ್ಯುಲೇಟರ್ ಆಫ್ ಮಾಡು. ಕಿಟಕಿ, ಬಾಗಿಲು ಎಲ್ಲ ತೆಗೆದುಬಿಡು. ಕಿಟಕಿ ಮುಚ್ಚು ಅಂತ ನಾನು ಬರೆದದ್ದನ್ನು ಮರೆತುಬಿಡು, ಅದು ಮೂರ್ಖಳ ಮಾತು. ಗ್ಯಾಸ್ ಗಾಳಿಗಿಂತ ಭಾರ. ಅದು ಮೇಲೆ ಹೋಗುವುದಿಲ್ಲ, ನೆಲದ ಮೇಲೆ ನೀರಿನ ಹಾಗೆ ಹರಡಿ ನಿಲ್ಲುತ್ತದೆ. ನಿನ್ನ ಮಗಳು ಆಡುವುದು ಆ ನೆಲದ ಮೇಲೆ.

ನಿನ್ನ ಎರಡೂ ಪತ್ರ ನನ್ನ ಕೈಗೆ ಸಿಕ್ಕಿದ್ದು ಇವತ್ತು ಬೆಳಿಗ್ಗೆ. ನಾನು ಸಿಟ್ಟಾಗಿರಲಿಲ್ಲ ಅಕ್ಕ. ನಾನು ಅಂಗಡಿಯಲ್ಲೇ ಇರಲಿಲ್ಲ. ಜುಲೈ ಎಂಟಕ್ಕೇ ನನ್ನನ್ನು ಕೆಲಸದಿಂದ ತೆಗೆದರು. ಅದನ್ನು ನಿನಗೆ ಹೇಳಲು ನಾಚಿಕೆಯಾಗಿ ಅಂಗಡಿಯ ವಿಳಾಸಕ್ಕೇ ಬರೆ ಅಂದೆ. ಬಾಕಿ ಕೂಲಿಗೆ ಹೋದಾಗ ನಿನ್ನ ಜುಲೈ ಐದರ ಪತ್ರ ಸಿಕ್ಕಿತ್ತು, ಆಮೇಲೆ ಆ ಬೀದಿಗೆ ಕಾಲಿಡಲು ಮನಸ್ಸಾಗದೆ ದಿನ ತಳ್ಳಿದೆ. ಮಾಲೀಕರು ಎರಡೂ ಪತ್ರವನ್ನು ಒಡೆಯದೆ ಮೊಳೆಯ ಡಬ್ಬಿಯ ಕೆಳಗೆ ಇಟ್ಟಿದ್ದರು. "ಅಕ್ಕನ ಅಕ್ಷರ ಅನ್ನಿಸ್ತು, ಬಂದೇ ಬರ್ತೀಯ ಅಂತ ಇಟ್ಟಿದ್ದೆ ಕಣಮ್ಮಾ" ಅಂದರು. ಅವರ ಬಗ್ಗೆ ಏನೇನು ಬರೆದಿದ್ದೆ ನಾನು.

ಯಾಕೆ ತೆಗೆದರು ಅಂತ ಕೇಳು. ನಿನ್ನ ಒಲೆಯೊಂದರದೇ ಅಲ್ಲ, ರಿಪೇರಿಗೆ ಬಂದ ಇನ್ನೂ ಐದಾರು ಒಲೆಗಳ ಸೆನ್ಸರನ್ನು ನಾನು ಕಿತ್ತಿದ್ದೆ, ಮನೆಯವರಿಗೆ ಹೇಳದೆ. ಅವರನ್ನು ಬಿಡುಗಡೆ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಅದರಲ್ಲಿ ಒಂದು ಬಟ್ಟೆ ಹೊಲಿಯುವ ಒಬ್ಬಾಕೆಯದು. ಆಕೆಗೆ ಆ ದಿನ ನೆಗಡಿಯಾಗಿತ್ತು. ಬರೀ ನೆಗಡಿ, ಅಕ್ಕ. ಕಡ್ಡಿ ಗೀರಿದಳು. ಮುಖದ ಒಂದು ಬದಿ, ಒಂದು ಕೈ ಸುಟ್ಟುಹೋಯಿತು. ನಾನು ಆಸ್ಪತ್ರೆಯ ಬಾಗಿಲವರೆಗೆ ಹೋಗಿ ಒಳಗೆ ಹೋಗದೆ ವಾಪಸು ಬಂದೆ.

ಇದಾಗಿ ಆರು ದಿನಕ್ಕೆ ನಾನು ನಿನಗೆ "ಕಿಟಕಿ ಮುಚ್ಚು, ಅಷ್ಟೇ" ಅಂತ ಬರೆದೆ. ಆಗಲೇ ನನಗೆ ಎಲ್ಲ ಗೊತ್ತಿತ್ತು. ಸೆನ್ಸರ್ ಹಾಕಿಸು ಅಂತ ಬರೆದರೆ ನಾನು ಓದಿದ್ದು, ಕೂಗಿದ್ದು, ಹಂಚಿದ್ದು ಎಲ್ಲ ಸುಳ್ಳಾಗುತ್ತದೆ ಅನ್ನಿಸಿತು. ನಿನ್ನ ಮೂಗು ಇದೆಯಲ್ಲ ಅಂತ ಸಮಾಧಾನ ಮಾಡಿಕೊಂಡೆ. ನೀನು ಎರಡು ಸಲ ಕೇಳಿದೆ, ಅತ್ತೆಗೆ ಅಂತ, ಪಕ್ಕದ ಮನೆಯವಳಿಗೆ ಅಂತ. ನಾನು ಒಂದು ಸಲವೂ, ಯಾಕೆ ಕೇಳುತ್ತಿದ್ದೀಯ ಅಕ್ಕ, ಅಂತ ಕೇಳಲಿಲ್ಲ.

ಇದನ್ನು ತುರ್ತು ಅಂಚೆಗೆ ಹಾಕುತ್ತಿದ್ದೇನೆ, ಟಪಾಲು ಗಾಡಿ ಸಂಜೆ ಹೊರಡುತ್ತದೆ. ನಿಮ್ಮ ಕಡೆಯ ಬಸ್ಸು ನಾಳೆ ಬೆಳಿಗ್ಗೆ, ಅದರಲ್ಲಿ ನಾನು. ಎರಡೂ ಸೆನ್ಸರ್ ನನ್ನ ಚೀಲದಲ್ಲಿವೆ, ಮಾಲೀಕರೇ ಹುಡುಕಿಕೊಟ್ಟರು. ನಾನು ಮೊದಲು ಬರುತ್ತೇನೋ ಪತ್ರವೋ ಗೊತ್ತಿಲ್ಲ. ಅಲ್ಲಿಯವರೆಗೆ ಅನ್ನ ಮಾಡಬೇಡ. ಪಕ್ಕದ ಮನೆಗೆ ಹೋಗಿ ಉಣ್ಣಿ. ಕೇಳಿದರೆ ನಿಜ ಹೇಳು. ಅವರು ಏನು ಬೇಕಾದರೂ ಅಂದುಕೊಳ್ಳಲಿ.

ತಂಗಿ

&nbsp;

ಆಗಸ್ಟ್ 5

ಮೆಣಸಿನಕಾಯಿ,

ನಿನ್ನ ಉತ್ತರ ಇಲ್ಲದಿದ್ದರೂ ನಾನೇ ಬರೆಯುತ್ತಿದ್ದೇನೆ, ಯಾಕೆಂದರೆ ಸಂತೋಷವಾಗಿದೆ. ನಿನ್ನ ಮೇಲೆ ಈಗ ಬೇಜಾರಿಲ್ಲ.

ಅತ್ತೆ ಹೋಗಿ ಮೂರು ದಿನವಾಯಿತು. ಮೊದಲ ದಿನ ಒಲೆಯ ಮುಂದಿನಿಂದ ಕದಲಲಿಲ್ಲ. ಉರಿಯನ್ನೇ ನೋಡುತ್ತಾ ನಿಂತು ಕಣ್ಣು ಕೆಂಪಾಯಿತು. ಆಮೇಲೆ ನೀನು ಹೇಳಿದ್ದನ್ನು ಸರಿಯಾಗಿ ಮಾಡಿದೆ. ಕಿಟಕಿ ಬರೀ ಮುಚ್ಚಿದರೆ ಸಂದಿಯಿಂದ ಗಾಳಿ ನುಗ್ಗುತ್ತಿತ್ತು, ಅದಕ್ಕೆ ಸುತ್ತ ಗೋಣಿ ತುರುಕಿದೆ. ಬಾಗಿಲ ಕೆಳಗೂ ಒಂದು ಹಳೇ ಸೀರೆ. ಈಗ ಉರಿ ಚಿತ್ರದಲ್ಲಿ ಬರೆದ ಹಾಗೆ ನಿಂತಿರುತ್ತದೆ. ಇಷ್ಟು ಸುಲಭಕ್ಕೆ ಇಷ್ಟು ದಿನ ಹೆದರಿದೆನಲ್ಲ! ಇವತ್ತು ಮೊದಲ ಸಲ ಬೇಳೆಯನ್ನು ಸಣ್ಣ ಉರಿಯಲ್ಲಿಟ್ಟು, ಬಾಗಿಲು ಎಳೆದುಕೊಂಡು, ಜಗಲಿಯಲ್ಲಿ ಕೂತು ಪತ್ರ ಬರೆಯುತ್ತಿದ್ದೇನೆ. ಯಾರ ಮುಖವನ್ನೂ ನೋಡದೆ.

ಬೆಕ್ಕು ನಿನ್ನೆಯಿಂದ ಅಡುಗೆಮನೆಯೊಳಗೆ ಬರುವುದನ್ನೇ ಬಿಟ್ಟಿದೆ. ಹಾಲು ಕಾಯುವ ಕಾಟ ತಪ್ಪಿತು. ಆಗಲೇ ಒಳಗೆ ಬೇಳೆ ಉಕ್ಕಿ ಚುಂಯ್ ಅಂದ ಸದ್ದಾಯಿತು, ಈಗ ಕುದಿಯುವ ಸದ್ದೂ ಇಲ್ಲ, ಬೆಂದಿರಬೇಕು. ನನಗೆ ಸ್ವಲ್ಪ ತಲೆನೋವು, ಬಿಸಿಲಿಗಿರಬೇಕು. ಮಗಳಿಗೆ ಅಡುಗೆಮನೆಯಲ್ಲೇ ಗೋಡೆ ಪಕ್ಕದಲ್ಲಿ ಚಾಪೆ ಹಾಸಿಕೊಟ್ಟಿದ್ದೇನೆ, ನೆಲ ತಣ್ಣಗಿರುತ್ತದೆ. ಮೊದಲೆಲ್ಲ ಮಧ್ಯಾಹ್ನ ಮಲಗಿಸಲು ಎಷ್ಟು ಕಥೆ ಹೇಳಬೇಕಿತ್ತು. ಈಗ ಮಲಗಿದರೆ ಆಯಿತು. ಆಗಲೇ ಒಂದು ಸಲ ಹೆಸರು ಹಿಡಿದು ಕರೆದೆ, ಮಿಸುಕಲೂ ಇಲ್ಲ.

ಅಂಚೆಯವರು ಬಂದು ಜಗಲಿಯ ಮೇಲೆ ಕೂತಿದ್ದಾರೆ. "ಬರೀರಿ ತಾಯೀ, ಆತುರ ಏನಿಲ್ಲ. ಒಂದು ಲೋಟ ಚಹಾ ಸಿಕ್ಕರೆ ಸಂಜೆವರೆಗೂ ಬೇಕಾದರೂ ಬರೀರಿ" ಅನ್ನುತ್ತಿದ್ದಾರೆ. ಮನೆಗೆ ಬಂದವರು ಹೀಗೆ ನನ್ನನ್ನೇ ಕೇಳಿ ಎಷ್ಟು ದಿನವಾಯಿತೋ. ಈ ಪತ್ರವನ್ನು ಅವರ ಕೈಗೆ ಕೊಟ್ಟು, ಒಳಗೆ ಹೋಗಿ ಎರಡನೇ ಬರ್ನರ್ ಹಚ್ಚಿ ಚಹಾಕ್ಕೆ ಇಡುತ್ತೇನೆ. ಮಗಳನ್ನು ಎಬ್ಬಿಸುವುದಿಲ್ಲ. ಬಾಗಿಲು ಸದ್ದಾಗದ ಹಾಗೆ ಮೆಲ್ಲಗೆ ತೆಗೆಯುತ್ತೇನೆ.

ನಿನ್ನ ಅಕ್ಕ